ಸಾಕ್ಷ್ಯಚಿತ್ರಕ್ಕೊಂದು ಪಾಟೀಸವಾಲು

2008ರ ಜನವರಿಯಲ್ಲಿ, ಅಮೆರಿಕದ ಪಕ್ಷಗಳು ತಮ್ಮ ಅಧ್ಯಕ್ಷೀಯ ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಚುನಾವಣೆಗಳು ಆರಂಭವಾಗುವ ಹೊತ್ತಿಗೆ, ಸಿಟಿಜನ್ಸ್ ಯುನೈಟೆಡ್ ಎಂಬ, ಕಾನೂನಿನ ಲೆಕ್ಕದಲ್ಲಿ ಕಂಪನಿಯೇ ಆದ ಸಂಪ್ರದಾಯವಾದಿ ಸಂಘಟನೆ ತೊಂಬತ್ತು ನಿಮಿಷಗಳ ಚಿತ್ರವೊಂದನ್ನು ಸಿದ್ಧಮಾಡಿಕೊಂಡಿತ್ತು. ‘ಹಿಲರಿ: ದ ಮೂವಿ’ ಎಂಬ ಆ ಚಿತ್ರದ ಉದ್ದಕ್ಕೂ ಇದ್ದದ್ದು ಹಿಲರಿ ಕ್ಲಿಂಟನ್ ಅಧ್ಯಕ್ಷ ಪದವಿಗೆ ಯೋಗ್ಯರಲ್ಲ ಎಂಬ ಒಂದೇ ವಾದ. ಕೇಬಲ್ ಸಂಪರ್ಕವಿದ್ದವರು ಮನೆಯಲ್ಲೇ ಗುಂಡಿ ಒತ್ತಿ ಪುಕ್ಕಟೆಯಾಗಿ ಅದನ್ನು ನೋಡುವ ವ್ಯವಸ್ಥೆಗೆ 12 ಲಕ್ಷ ಡಾಲರ್ ಕೊಡುವ ಮಾತೂ ನಡೆದಿತ್ತು. ಅಡ್ಡ ಬಂದದ್ದು 2002ರ ಚುನಾವಣಾ ಹಣಕಾಸು ಕಾನೂನು. ಪ್ರೈಮರಿಗೆ 30 ದಿನ ಮತ್ತು ಸಾರ್ವತ್ರಿಕ ಚುನಾವಣೆಗೆ 60 ದಿನ ಉಳಿದಿರುವಾಗ, ಅಭ್ಯರ್ಥಿಯ ಹೆಸರೆತ್ತುವ ಯಾವುದನ್ನೂ ಕಂಪನಿಗಳು ಅಥವಾ ಕಾರ್ಮಿಕ ಸಂಘಗಳು ತಮ್ಮ ಖಜಾನೆಯ ಹಣದಿಂದ ಟಿವಿಯಲ್ಲಿ ಪ್ರಸಾರ ಮಾಡುವಂತಿಲ್ಲ ಎಂದು ಅದು ಹೇಳುತ್ತಿತ್ತು.

ಈ ಕಾನೂನನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಚುನಾವಣೆಯ ಹೊಸ್ತಿಲಲ್ಲಿ ಸುರಿಯುವ ಮೂವತ್ತು ಸೆಕೆಂಡಿನ ಜಾಹೀರಾತುಗಳು. ಒಂದೂವರೆ ಗಂಟೆಯ ಚಿತ್ರಕ್ಕೂ ಅದೇ ನಿಯಮ ಹೊಂದುತ್ತದೆಯೇ? ವಾಷಿಂಗ್ಟನ್ನಿನ ಕೆಳ ನ್ಯಾಯಾಲಯ ಹೊಂದುತ್ತದೆ ಎಂದಿತು. ಈಕೆಗೆ ಮತ ಹಾಕಬೇಡಿ ಎನ್ನುವುದರ ಹೊರತಾಗಿ ಈ ಚಿತ್ರಕ್ಕೆ ಬೇರೆ ಅರ್ಥವೇ ಇಲ್ಲ ಎಂಬುದು ಅದರ ನಿಲುವು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2009ರ ಮಾರ್ಚ್ 24ರ ವಿಚಾರಣೆಯಲ್ಲಿ ನ್ಯಾಯಮೂರ್ತಿಗಳ ಪ್ರಶ್ನೆ ಚಿತ್ರದಿಂದ ಪುಸ್ತಕಕ್ಕೆ ಹೊರಳಿತು. ಐನೂರು ಪುಟಗಳ ಪುಸ್ತಕವೊಂದಿದೆ, ಅದರ ಕೊನೆಯಲ್ಲಿ ಇಂಥವರಿಗೆ ಮತ ಹಾಕಿ ಎಂಬ ಒಂದು ವಾಕ್ಯವಿದೆ, ಅದನ್ನೂ ಸರ್ಕಾರ ತಡೆಯಬಹುದೇ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೇಳಿದರು. ಕಂಪನಿಯ ಖಜಾನೆಯ ಹಣದಿಂದ ಪ್ರಕಟಿಸುವುದಾದರೆ ತಡೆಯಬಹುದು ಎಂದು ಸರ್ಕಾರದ ಪರ ವಕೀಲರು ಒಪ್ಪಿಕೊಂಡರು. ಪುಸ್ತಕವನ್ನು ನಿಷೇಧಿಸುವ ಅಧಿಕಾರ ತನಗಿದೆ ಎಂದು ಅಮೆರಿಕದ ಸರ್ಕಾರ ಅಮೆರಿಕದ ನ್ಯಾಯಾಲಯದಲ್ಲಿ ನಿಂತು ಹೇಳಿದ ಮೇಲೆ, ಪ್ರಕರಣ ಒಂದು ಚಿತ್ರದ ಮಟ್ಟದಲ್ಲಿ ಉಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಮರುವಿಚಾರಣೆ ನಡೆದು, 2010ರ ಜನವರಿ 21ರಂದು 5-4ರ ಬಹುಮತದ ತೀರ್ಪು ಹೊರಬಂತು. ಚುನಾವಣೆಯ ವಿಷಯದಲ್ಲಿ ಸ್ವತಂತ್ರವಾಗಿ ಮಾತಾಡಲು ಕಂಪನಿಗಳು ಮತ್ತು ಸಂಘಗಳು ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂದಾಯಿತು. ಅದಾದ ಎರಡೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಇದೇ ತರ್ಕವನ್ನು ಮುಂದಕ್ಕೊಯ್ದು, ಇಂದು ಸೂಪರ್ ಪ್ಯಾಕ್ ಎಂದು ಕರೆಸಿಕೊಳ್ಳುವ ಮಿತಿಯಿಲ್ಲದ ಚುನಾವಣಾ ನಿಧಿಗಳಿಗೆ ದಾರಿ ತೆರೆಯಿತು. ಐವರು ನ್ಯಾಯಮೂರ್ತಿಗಳು ಕಾನೂನು ಬದಲಿಸುವ ಅವಕಾಶ ಸಿಗಲೆಂದು ಪ್ರಕರಣವನ್ನೇ ಬದಲಿಸಿದರು ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ತಮ್ಮ ಸುದೀರ್ಘ ಭಿನ್ನ ತೀರ್ಪಿನಲ್ಲಿ ಬರೆದರು.

ಹೆಚ್ಚಿನವರಿಗೆ ಗೊತ್ತಿರುವುದು ಈ ಕಥೆಯ ಉತ್ತರಾರ್ಧ. ಅದರ ಪೂರ್ವಾರ್ಧ ಇನ್ನೊಂದು ಸಾಕ್ಷ್ಯಚಿತ್ರದಲ್ಲಿದೆ. 2004ರ ಜೂನ್‌ನಲ್ಲಿ ಮೈಕಲ್ ಮೂರ್ ಅವರ ‘ಫ್ಯಾರನ್‌ಹೀಟ್ 9/11’ ಬಿಡುಗಡೆಯಾಯಿತು. ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಅವರನ್ನೂ ಇರಾಕ್ ಯುದ್ಧವನ್ನೂ ನೇರವಾಗಿ ಎದುರು ಹಾಕಿಕೊಂಡ ಚಿತ್ರ ಅದು. ಆ ವರ್ಷದ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಸಂದಿತ್ತು. ತನ್ನ ಅಧೀನ ಸಂಸ್ಥೆ ಮಿರಾಮ್ಯಾಕ್ಸ್ ಅದನ್ನು ವಿತರಿಸದಂತೆ ಡಿಸ್ನಿ ತಡೆದಿತ್ತು. ಆದರೂ ಅಮೆರಿಕದ ಚಿತ್ರಮಂದಿರಗಳಲ್ಲೇ ಅದು ಸುಮಾರು 11.9 ಕೋಟಿ ಡಾಲರ್ ಗಳಿಸಿತು. ಆ ಚಿತ್ರದ ಟಿವಿ ಜಾಹೀರಾತುಗಳು ಚುನಾವಣಾ ಪ್ರಚಾರವೇ ಹೊರತು ಬೇರೇನಲ್ಲ ಎಂದು ಚುನಾವಣಾ ಆಯೋಗಕ್ಕೆ ದೂರು ಕೊಟ್ಟದ್ದು ಇದೇ ಸಿಟಿಜನ್ಸ್ ಯುನೈಟೆಡ್. ಆಯೋಗ ದೂರನ್ನು ತಳ್ಳಿಹಾಕಿತು. ಮಾಧ್ಯಮ ಸಂಸ್ಥೆಗಳಿಗಿರುವ ವಿನಾಯಿತಿಯನ್ನು ತನ್ನ ಚಿತ್ರಕ್ಕೂ ಕೊಡಿ ಎಂದು ಸಂಘಟನೆ ಕೇಳಿದಾಗ ಆಯೋಗ ಅದನ್ನೂ ಒಪ್ಪಲಿಲ್ಲ. ಮೂರ್ ಮಾಡಿದರೆ ಸಿನಿಮಾ, ನಾವು ಮಾಡಿದರೆ ಪ್ರಚಾರವೇ ಎಂಬ ಅವರ ಪ್ರಶ್ನೆಯನ್ನು, ಅವರ ರಾಜಕೀಯ ಒಪ್ಪದ ನಾನೂ ಹಗುರವಾಗಿ ತಳ್ಳಿಹಾಕಲಾರೆ. ಅವರು ಅಲ್ಲಿಗೆ ಸುಮ್ಮನಾಗದೆ ಒಂದರ ಹಿಂದೊಂದು ಚಿತ್ರ ತೆಗೆಯತೊಡಗಿದರು. ತೀರ್ಪು ಬಂದ ಮೇಲೆ, 2010ರ ಜೂನ್‌ನಲ್ಲಿ, ಅದೇ ಆಯೋಗ ಅವರನ್ನು ಮಾಧ್ಯಮ ಸಂಸ್ಥೆಯೆಂದು ಒಪ್ಪಿಕೊಂಡಿತು.

ಸಿನಿಮಾ ಯಾವುದು, ಪ್ರಚಾರ ಯಾವುದು ಎಂದು ಅಮೆರಿಕದ ಕಾನೂನಿಗೆ ಎಳೆಯಲಾಗದ ಗೆರೆ ಇದು. ಸಿನಿಮಾ ಬರೀ ವ್ಯಾಪಾರ, ಅದಕ್ಕೆ ವಾಕ್ ಸ್ವಾತಂತ್ರ್ಯ ಅನ್ವಯಿಸದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1915ರಲ್ಲಿ ಹೇಳಿ, 1952ರಲ್ಲಿ ಆ ಮಾತನ್ನು ತಾನೇ ಹಿಂತೆಗೆದುಕೊಂಡಿತ್ತು. ಅದೇ 1952ರಲ್ಲಿ ನಮ್ಮಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ಬಂತು. ಹಿಂದಿ ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ತಮ್ಮ ಪುಟ್ಟ ಸಾಕ್ಷ್ಯಚಿತ್ರವೊಂದರ ವಿಷಯದಲ್ಲಿ ನ್ಯಾಯಾಲಯಕ್ಕೆ ಹೋದಾಗ, ಪೂರ್ವಭಾವಿ ಪರಿಶೀಲನೆ ಸಂವಿಧಾನಬದ್ಧ ಎಂದು ನಮ್ಮ ಸುಪ್ರೀಂ ಕೋರ್ಟ್ 1970ರಲ್ಲಿ ಎತ್ತಿಹಿಡಿಯಿತು. ಪ್ರಮಾಣಪತ್ರವಿಲ್ಲದೆ ಚಿತ್ರ ತೆರೆ ಕಾಣದ ದೇಶದಲ್ಲಿ ಕುಳಿತು ಅಮೆರಿಕದ ಈ ಜಗಳಗಳನ್ನು ಓದುವವರು ಆ ವ್ಯತ್ಯಾಸವನ್ನು ನೆನಪಿಟ್ಟಿರಬೇಕು. ಅಲ್ಲಿ ತಡೆ ಬರುವುದು ಬಹುಮಟ್ಟಿಗೆ ಸರ್ಕಾರದ ಮಂಡಳಿಯಿಂದಲ್ಲ, ಬೇರೆ ಕಡೆಗಳಿಂದ. ಅದಕ್ಕೆ ಮತ್ತೆ ಬರುತ್ತೇನೆ.

ಗೆರೆ ಎಳೆಯುವ ಕೆಲಸ ಕಾನೂನಿನಿಂದ ಆಗದೆ ಹೋದಾಗ ಅದು ನೋಡುಗರ ಪಾಲಿಗೆ ಬರುತ್ತದೆ. ಇಲ್ಲಿ ಕನ್ನಡದ ಪದವೇ ನಮಗೊಂದು ಅಳತೆಗೋಲು ಕೊಡುತ್ತದೆ ಎಂಬುದು ನನ್ನ ನಂಬಿಕೆ. ನಾವು ಈ ಬಗೆಯ ಚಿತ್ರವನ್ನು ಸಾಕ್ಷ್ಯಚಿತ್ರ ಎನ್ನುತ್ತೇವೆ. ಸಾಕ್ಷಿ ಯಾರ ಕಡೆಯವನು ಎನ್ನುವುದು ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಫಿರ್ಯಾದಿ ಕರೆತಂದವನು ಫಿರ್ಯಾದಿಯ ಪರವಾಗಿಯೇ ಹೇಳುತ್ತಾನೆ. ಅದರಿಂದ ಅವನ ಮಾತು ಸುಳ್ಳಾಗುವುದಿಲ್ಲ. ಅವನ ಹೇಳಿಕೆ ಪಾಟೀಸವಾಲಿಗೆ ನಿಲ್ಲುತ್ತದೆಯೇ ಎಂಬುದಷ್ಟೇ ಮುಖ್ಯ. ಅಮೆರಿಕದ ಸಾಮಾಜಿಕ ಸಮಸ್ಯೆಗಳ ಮೇಲಿನ ಚಿತ್ರಗಳ ಕುರಿತು ನಡೆಯುವ ಚರ್ಚೆ ಮಾತ್ರ, ಇದು ಎಡವೇ ಬಲವೇ, ಇದು ಪಕ್ಷಪಾತವೇ ಎಂಬಲ್ಲಿಯೇ ಸುತ್ತುತ್ತಿರುತ್ತದೆ.

ಪಕ್ಷ ವಹಿಸಿದ ಚಿತ್ರಗಳಲ್ಲಿ ನನಗೆ ಮೊದಲು ನೆನಪಾಗುವುದು ಬಾರ್ಬರಾ ಕೋಪಲ್ ಅವರ ‘ಹಾರ್ಲನ್ ಕೌಂಟಿ, ಯು.ಎಸ್.ಎ.’ 1973ರಲ್ಲಿ ಕೆಂಟಕಿ ರಾಜ್ಯದ ಬ್ರೂಕ್‌ಸೈಡ್ ಕಲ್ಲಿದ್ದಲು ಗಣಿಯಲ್ಲಿ ಆರಂಭವಾದ ಮುಷ್ಕರದ ಚಿತ್ರ. 1976ರಲ್ಲಿ ತೆರೆಕಂಡು ಆಸ್ಕರ್ ಪಡೆಯಿತು. ಕೋಪಲ್ ಗಣಿ ಕಾರ್ಮಿಕರ ಪರ ಎಂಬುದನ್ನು ಮುಚ್ಚಿಡುವುದಿಲ್ಲ. ಬೆಳಕು ಹರಿಯುವ ಮುನ್ನ ಮುಷ್ಕರದ ಸಾಲಿನ ಮೇಲೆ ಕಂಪನಿಯ ಬಂಟರು ಎರಗಿದಾಗ ಕ್ಯಾಮೆರಾ ತಂಡಕ್ಕೂ ಏಟು ಬೀಳುತ್ತದೆ, ಚೌಕಟ್ಟು ಅಲ್ಲಾಡುತ್ತದೆ, ಕತ್ತಲಲ್ಲಿ ಕೂಗು ಮಾತ್ರ ಕೇಳಿಸುತ್ತದೆ. ನನ್ನ ಮಟ್ಟಿಗೆ ಆ ಚಿತ್ರದ ನಂಬಿಕೆ ಗಟ್ಟಿಯಾಗುವುದು ಇನ್ನೊಂದು ದೃಶ್ಯದಲ್ಲಿ. ಮುಷ್ಕರವನ್ನು ಹೊತ್ತು ನಿಂತ ಹೆಂಗಸರು ಸಭೆ ಸೇರಿ ತಮ್ಮತಮ್ಮೊಳಗೇ ಜಗಳಕ್ಕಿಳಿಯುತ್ತಾರೆ. ಕುಡಿತದ ಮಾತು, ಗಂಡಂದಿರ ಮಾತು ಬರುತ್ತದೆ, ದನಿ ಏರುತ್ತದೆ, ಇನ್ನೊಬ್ಬಳು ಎದ್ದು ಎಲ್ಲರನ್ನೂ ಸುಮ್ಮನಿರಿಸುತ್ತಾಳೆ. ತಾನು ಯಾರ ಪರವೋ ಅವರಿಗೇ ಮುಜುಗರ ತರುವ ಈ ದೃಶ್ಯವನ್ನು ಕೋಪಲ್ ಕತ್ತರಿಸಲಿಲ್ಲ. ಎದುರಾಳಿಯ ವಕೀಲ ಎತ್ತಬಹುದಾದ ಪ್ರಶ್ನೆಯನ್ನು ಸಾಕ್ಷಿ ತಾನೇ ಮೊದಲು ಹೇಳಿಬಿಟ್ಟಂತೆ ಅದು.

ಮೈಕಲ್ ಮೂರ್ ಅವರ ಮೊದಲ ಚಿತ್ರ ‘ರೋಜರ್ ಆ್ಯಂಡ್ ಮಿ’ಯನ್ನು (1989) ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಿಶಿಗನ್ನಿನ ಫ್ಲಿಂಟ್ ಊರಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಗಳನ್ನು ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡವರ ಕಥೆ ಅದು. ಅದರ ಕೊನೆಯ ಭಾಗದಲ್ಲಿ ಕಂಪನಿಯ ಅಧ್ಯಕ್ಷ ರೋಜರ್ ಸ್ಮಿತ್ ಕ್ರಿಸ್‌ಮಸ್ ಸಮಾರಂಭದಲ್ಲಿ ಮಾತಾಡುತ್ತಾ ಡಿಕನ್ಸ್‌ನ ಸಾಲುಗಳನ್ನು ಉದ್ಧರಿಸುತ್ತಾರೆ. ಅದೇ ದನಿಯ ಮೇಲೆ, ಫ್ಲಿಂಟಿನಲ್ಲಿ ಬಾಡಿಗೆ ಕಟ್ಟಲಾಗದ ಕುಟುಂಬವೊಂದರ ಸಾಮಾನು ಬೀದಿಗೆ ಬರುವುದು ಕಾಣುತ್ತದೆ. ಅಲಂಕರಿಸಿದ ಕ್ರಿಸ್‌ಮಸ್ ಮರವೂ ಬಾಗಿಲಿನಿಂದಾಚೆಗೆ ಬರುತ್ತದೆ. ನೋಡಿದವರ ಮನಸ್ಸಿನಿಂದ ಆ ಮರ ಹೋಗುವುದಿಲ್ಲ. ಆದರೆ ಚಿತ್ರ ಬಂದ ವರ್ಷವೇ ಸಿನಿಮಾ ಪತ್ರಿಕೆಯೊಂದು ಘಟನೆಗಳ ಕಾಲಾನುಕ್ರಮವನ್ನು ಪರಿಶೀಲಿಸಿತು. ಕೆಲಸ ಹೋದವರಿಗೆ ಧೈರ್ಯ ಹೇಳಲು ರೊನಾಲ್ಡ್ ರೇಗನ್ ಬರುವುದನ್ನು ಚಿತ್ರ ಕಾರ್ಖಾನೆ ಮುಚ್ಚಿದ ಮೇಲಿನ ಘಟನೆಯೆಂಬಂತೆ ತೋರಿಸುತ್ತದೆ. ನಿಜದಲ್ಲಿ ಅವರು ಬಂದದ್ದು 1980ರಲ್ಲಿ, ಅಭ್ಯರ್ಥಿಯಾಗಿದ್ದಾಗ. ಊರನ್ನು ಉದ್ಧಾರ ಮಾಡಲೆಂದು ಕಟ್ಟಿದ ಆಟೋವರ್ಲ್ಡ್ ಎಂಬ ಮನರಂಜನಾ ಕೇಂದ್ರ ತೆರೆದದ್ದು 1984ರಲ್ಲಿ. ಚಿತ್ರದ ಕೇಂದ್ರದಲ್ಲಿರುವ ಕಾರ್ಖಾನೆ ಮುಚ್ಚುವ ಘೋಷಣೆ ಬಂದದ್ದು 1986ರಲ್ಲಿ. ತಾನು ತೋರಿಸಿದ್ದು ಒಂದು ಇಡೀ ದಶಕದ ಕಥೆ ಎಂದು ಮೂರ್ ಸಮರ್ಥಿಸಿಕೊಂಡರು. ಫ್ಲಿಂಟಿನ ಕಷ್ಟ ಸುಳ್ಳಾಗಿರಲಿಲ್ಲ. ಆದ್ದರಿಂದಲೇ ಈ ತಿರುಚುವಿಕೆ ನನ್ನನ್ನು ಹೆಚ್ಚು ನೋಯಿಸುತ್ತದೆ. ನಿಜವಾದ ಗಾಯವಿದ್ದವನ ಪರ ಮಾತಾಡುವಾಗ ದಿನಾಂಕ ಹಿಂದುಮುಂದು ಮಾಡುವ ಅಗತ್ಯವೇನಿತ್ತು? ಗಾಯ ಮಾಡಿದವರು ಮುಂದೆ ದಿನಾಂಕದ ಬಗ್ಗೆಯಷ್ಟೇ ಮಾತಾಡಿ ಗಾಯದ ಮಾತು ಮರೆಸಲು ಅದರಿಂದ ಅನುಕೂಲವಾಯಿತು.

ಪಾಟೀಸವಾಲನ್ನು ಸಿನಿಮಾದ ಒಳಕ್ಕೇ ತಂದವರು ಎರಲ್ ಮಾರಿಸ್. ಡಲ್ಲಾಸ್ ನಗರದಲ್ಲಿ 1976ರಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾಗಿ, ಮಾಡದ ತಪ್ಪಿಗೆ ಒಬ್ಬಾತನಿಗೆ ಮರಣದಂಡನೆ ವಿಧಿಸಲಾಗಿತ್ತು; ಅದು ಮುಂದೆ ಜೀವಾವಧಿಗೆ ಇಳಿದಿತ್ತು. 1988ರ ‘ದ ಥಿನ್ ಬ್ಲೂ ಲೈನ್’ ಚಿತ್ರದಲ್ಲಿ ಮಾರಿಸ್ ಆ ರಾತ್ರಿಯನ್ನು ನಟರಿಂದ ಮತ್ತೆ ಮತ್ತೆ ಆಡಿಸುತ್ತಾರೆ, ಪ್ರತಿ ಸಾಕ್ಷಿಯ ಹೇಳಿಕೆಗೆ ತಕ್ಕಂತೆ ಬೇರೆ ಬೇರೆಯಾಗಿ. ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಮರುನಟನೆ ಸಾಕ್ಷ್ಯಚಿತ್ರಕ್ಕೆ ಸಲ್ಲದು ಎಂದು ಆಗ ಹಲವರು ಮೂಗು ಮುರಿದರು. ಆದರೆ ಇಲ್ಲಿ ಮರುನಟನೆ ಏನನ್ನೂ ಸಾಬೀತುಮಾಡಲು ಬಂದದ್ದಲ್ಲ. ಸಾಕ್ಷಿಗಳ ಮಾತನ್ನು ತೂಗಿ ನೋಡಲು ಬಂದದ್ದು. ಕೊನೆಯ ಸಂದರ್ಶನದ ದಿನ ಕ್ಯಾಮೆರಾ ಕೆಟ್ಟಿತ್ತು. ಹಾಗಾಗಿ ತೆರೆಯ ಮೇಲೆ ಕಾಣುವುದು ಒಂದು ಟೇಪ್ ರೆಕಾರ್ಡರ್ ಮಾತ್ರ. ಅದರ ಚಕ್ರ ತಿರುಗುತ್ತಿರುವಾಗ, ಅಸಲಿ ಅಪರಾಧಿ ಜೈಲಿನಲ್ಲಿರುವವನು ನಿರಪರಾಧಿಯೆಂದು ಹೆಚ್ಚುಕಡಿಮೆ ಒಪ್ಪಿಕೊಳ್ಳುವ ದನಿ ಕೇಳಿಬರುತ್ತದೆ. ಮರುವರ್ಷ ಟೆಕ್ಸಸ್ಸಿನ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿ, ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದ ಮನುಷ್ಯ ಹೊರಬಂದ.

ಇದೇ ಅಳತೆಗೋಲನ್ನು ಬಲಪಂಥದ ಚಿತ್ರಕ್ಕೂ ಹಿಡಿಯೋಣ. ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ದಿನೇಶ್ ಡಿಸೋಜಾ 2022ರಲ್ಲಿ ‘2000 ಮ್ಯೂಲ್ಸ್’ ಎಂಬ ಚಿತ್ರ ತಂದರು. 2020ರ ಚುನಾವಣೆಯಲ್ಲಿ ಹಣ ಪಡೆದ ಜನ ಮತಪತ್ರಗಳ ಕಂತೆಯನ್ನು, ಮತಪತ್ರ ಹಾಕಲೆಂದು ಅಲ್ಲಲ್ಲಿ ಇಟ್ಟ ಡ್ರಾಪ್ ಬಾಕ್ಸ್‌ಗಳಿಗೆ ಹಾಕುತ್ತಾ ತಿರುಗಿದರು ಎಂಬುದು ಅದರ ಆರೋಪ. ಪುರಾವೆ ಎರಡು ಬಗೆಯದು: ಮೊಬೈಲ್ ಫೋನುಗಳು ಎಲ್ಲೆಲ್ಲಿ ಓಡಾಡಿದವು ಎಂಬ ದತ್ತಾಂಶ, ಮತ್ತು ಡ್ರಾಪ್ ಬಾಕ್ಸ್ ಪಕ್ಕದ ಕಾವಲು ಕ್ಯಾಮೆರಾದ ದೃಶ್ಯಗಳು. ಚಿತ್ರ ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು, ನಕ್ಷೆಯಲ್ಲಿ ಕಂಡ ಗೆರೆಯೇ ವಿಡಿಯೊದಲ್ಲಿ ಕಂಡ ಮನುಷ್ಯ ಎಂಬ ಭಾವನೆ ಮೂಡಿಸುತ್ತದೆ. ದೊಡ್ಡ ನಗರದಲ್ಲಿ ಒಂದು ಡಬ್ಬಿಯ ಹತ್ತಿರ ಹಲವು ಬಾರಿ ಹಾದುಹೋಗುವ ಫೋನುಗಳು ಸಾವಿರಾರು ಇರುತ್ತವೆ. ಫೋನಿನ ದತ್ತಾಂಶ ಮನುಷ್ಯ ಡಬ್ಬಿಯ ಮುಂದೆ ನಿಂತನೇ ರಸ್ತೆಯಲ್ಲಿ ಹೋದನೇ ಎಂದು ಹೇಳುವಷ್ಟು ನಿಖರವಲ್ಲ. ಟ್ರಂಪ್ ಅವರದೇ ಸರ್ಕಾರದಲ್ಲಿ ಅಟಾರ್ನಿ ಜನರಲ್ ಆಗಿದ್ದ ವಿಲಿಯಂ ಬಾರ್ ಈ ಪುರಾವೆ ತಮಗೆ ಮನವರಿಕೆಯಾಗಲಿಲ್ಲ ಎಂದು ಸಂಸದೀಯ ಸಮಿತಿಯ ಮುಂದೆ ಹೇಳಿದರು. ಚಿತ್ರದಲ್ಲಿ ಕಳ್ಳನೆಂಬಂತೆ ತೋರಿಸಿದ ಜಾರ್ಜಿಯಾದ ಒಬ್ಬ ಮನುಷ್ಯ ಹಾಕಿದ್ದು ತನ್ನ ಹಾಗೂ ತನ್ನ ಮನೆಯವರ ಮತಪತ್ರಗಳನ್ನು, ಅದು ಕಾನೂನುಬದ್ಧ ಎಂದು ರಾಜ್ಯದ ತನಿಖೆ ಕಂಡುಕೊಂಡಿತು. ಆತ ಮೊಕದ್ದಮೆ ಹೂಡಿದರು. 2024ರ ಮೇ ತಿಂಗಳಲ್ಲಿ ಸೇಲಂ ಮೀಡಿಯಾ ಸಂಸ್ಥೆ ಕ್ಷಮೆ ಕೇಳಿ ಚಿತ್ರದ ವಿತರಣೆ ನಿಲ್ಲಿಸಿತು. ಆ ವರ್ಷದ ಕೊನೆಗೆ ಡಿಸೋಜಾ ಕೂಡ, ವಿಡಿಯೊಗಳನ್ನು ಫೋನ್ ದತ್ತಾಂಶದೊಡನೆ ನಿಜವಾಗಿ ತಾಳೆ ಮಾಡಿರಲಿಲ್ಲ ಎಂದು ಒಪ್ಪಿ ಕ್ಷಮೆ ಕೇಳಿದರು. ಮೂರ್ ಅವರದು ನಿಜವಾದ ನಷ್ಟದ ದಿನಾಂಕ ತಿರುಚಿದ ತಪ್ಪು. ಇಲ್ಲಿ ತಿರುಚಲು ಕೆಳಗೆ ನಿಜವೇ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎರಡು ಕಡೆಯವರೂ ಹೀಗೆಯೇ ಎಂದು ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಸಾಕ್ಷಿಯ ಮಾತು ಹೇಗಿದೆ ಎಂಬುದು ಒಂದು ವಿಷಯವಾದರೆ, ಸಾಕ್ಷಿಗೆ ಕಟಕಟೆ ಏರುವ ಅವಕಾಶವಾದರೂ ಸಿಗುತ್ತದೆಯೇ ಎಂಬುದು ಇನ್ನೊಂದು. ಇವತ್ತಿನ ಬಿಕ್ಕಟ್ಟು ಇರುವುದು ಅಲ್ಲಿ. ಹಿಂದೆ ತಡೆ ನೇರವಾಗಿ ಬರುತ್ತಿತ್ತು. ಫ್ರೆಡರಿಕ್ ವೈಸ್‌ಮನ್ ಅವರ ‘ಟಿಟಿಕಟ್ ಫಾಲೀಸ್’ (1967) ಮ್ಯಾಸಚೂಸೆಟ್ಸ್ ರಾಜ್ಯದ ಬ್ರಿಡ್ಜ್‌ವಾಟರ್‌ನಲ್ಲಿ ಮಾನಸಿಕ ರೋಗಿಗಳಾದ ಕೈದಿಗಳನ್ನು ಹೇಗಿಟ್ಟಿದ್ದರು ಎಂಬುದನ್ನು ತೋರಿಸಿತು. ಊಟ ಬಿಟ್ಟ ವೃದ್ಧನ ಮೂಗಿಗೆ ನಳಿಕೆ ತೂರಿಸಿ ಆಹಾರ ಸುರಿಯುವ ವೈದ್ಯನ ತುಟಿಯಲ್ಲಿ ಸಿಗರೇಟಿದೆ. ಅದರ ಬೂದಿ ಉದ್ದಕ್ಕೆ ಬೆಳೆದು ಇನ್ನೇನು ಕೆಳಗಿನ ಆಲಿಕೆಗೆ ಬೀಳುತ್ತದೆ ಎನ್ನುವಂತಿದೆ. ಕೈದಿಗಳ ಖಾಸಗಿತನದ ಹೆಸರಿನಲ್ಲಿ ರಾಜ್ಯದ ನ್ಯಾಯಾಲಯಗಳು ಸಾರ್ವಜನಿಕರಿಗೆ ಈ ಚಿತ್ರ ತೋರಿಸದಂತೆ ತಡೆದವು. ವೈದ್ಯರು, ವಕೀಲರು ಮೊದಲಾದವರಿಗೆ ಮಾತ್ರ ಅವಕಾಶ. ತಡೆ ತೆರವಾದದ್ದು 1991ರಲ್ಲಿ.

ಈಗ ನ್ಯಾಯಾಲಯದ ಆದೇಶ ಬೇಕಾಗಿಲ್ಲ. ಹಣದ ನಲ್ಲಿ ತಿರುಗಿಸಿದರೆ ಸಾಕು. ಸ್ವತಂತ್ರ ಸಾಕ್ಷ್ಯಚಿತ್ರಕಾರರಿಗೆ ದಶಕಗಳಿಂದ ಆಸರೆಯಾಗಿದ್ದದ್ದು 1967ರ ಕಾಯ್ದೆಯಿಂದ ಹುಟ್ಟಿದ ಸಾರ್ವಜನಿಕ ಟಿವಿ ವ್ಯವಸ್ಥೆ, ಅಂದರೆ ಪಿಬಿಎಸ್ ಮತ್ತು ಅದಕ್ಕೆ ಚಿತ್ರಗಳನ್ನು ಒದಗಿಸುವ ಐಟಿವಿಎಸ್‌ನಂಥ ಸಂಸ್ಥೆಗಳು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಈ ವ್ಯವಸ್ಥೆಗೆ ಎರಡು ವರ್ಷಗಳಿಗೆಂದು ಮಂಜೂರು ಮಾಡಿದ್ದ ಸುಮಾರು 110 ಕೋಟಿ ಡಾಲರನ್ನು ವಾಪಸ್ ಪಡೆಯಿತು. ಹಣ ಹಂಚುತ್ತಿದ್ದ ಸಾರ್ವಜನಿಕ ಪ್ರಸಾರ ನಿಗಮ ಆಗಸ್ಟ್ ಆರಂಭದಲ್ಲೇ ತನ್ನ ಕೆಲಸ ಮುಚ್ಚುವುದಾಗಿ ಪ್ರಕಟಿಸಿತು. ಇದಕ್ಕೂ ಮೊದಲು, 2024ರ ಏಪ್ರಿಲ್‌ನಲ್ಲಿ, ಸಾಮಾಜಿಕ ವಿಷಯದ ಚಿತ್ರಗಳಿಗೆ ಇಪ್ಪತ್ತು ವರ್ಷ ಹಣ ಹಾಕಿದ್ದ ಪಾರ್ಟಿಸಿಪೆಂಟ್ ಕಂಪನಿ ಬಾಗಿಲು ಹಾಕಿತ್ತು.

ಸಾರ್ವಜನಿಕ ಟಿವಿ ಎಂದರೆ ಯಾರಿಗೂ ಹೆದರದ ಜಾಗವಾಗಿತ್ತು ಎಂದು ಹೇಳಿದರೆ ಮಾತ್ರ ತಪ್ಪಾಗುತ್ತದೆ. ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ವಿಸ್ಕಾನ್ಸಿನ್ ರಾಜ್ಯದ ರಾಜಕೀಯಕ್ಕೆ ಹಣ ಹೇಗೆ ಹರಿಯಿತು ಎಂಬ ಬಗ್ಗೆ ಟಿಯಾ ಲೆಸಿನ್ ಮತ್ತು ಕಾರ್ಲ್ ಡೀಲ್ ‘ಸಿಟಿಜನ್ ಕೋಕ್’ ಎಂಬ ಚಿತ್ರ ಮಾಡಿದರು. ಐಟಿವಿಎಸ್ ಅವರಿಗೆ 1.5 ಲಕ್ಷ ಡಾಲರ್ ಕೊಡುವ ಮಾತಾಡಿ ಹಿಂದೆ ಸರಿಯಿತು. ಚಿತ್ರ ಮೊದಲಿನ ಪ್ರಸ್ತಾವದಂತೆ ಇರಲಿಲ್ಲ ಎಂಬುದು ಸಂಸ್ಥೆಯ ವಿವರಣೆ. ಚಿತ್ರದಲ್ಲಿ ಬರುವ ಉದ್ಯಮಿ ಡೇವಿಡ್ ಕೋಕ್ ಆ ಹೊತ್ತಿಗೆ ನ್ಯೂಯಾರ್ಕಿನ ಸಾರ್ವಜನಿಕ ಟಿವಿ ಕೇಂದ್ರದ ಆಡಳಿತ ಮಂಡಳಿಯಲ್ಲಿದ್ದರು, ದೊಡ್ಡ ದಾನಿಯೂ ಆಗಿದ್ದರು. ಅದೇ ನಿಜವಾದ ಕಾರಣ ಎಂದು ನಿರ್ದೇಶಕರು ನಂಬಿದ್ದರು. 2013ರಲ್ಲಿ ಈ ವಿಷಯ ಬಯಲಾದ ಮೇಲೆ ಅವರು ಜನರಿಂದ ಸಣ್ಣ ಸಣ್ಣ ದೇಣಿಗೆ ಎತ್ತಿ ಚಿತ್ರವನ್ನು ಹೊರತಂದರು. ಕಂಪನಿ ಹಣಕ್ಕೆ ಮಾತಾಡುವ ಹಕ್ಕು ಕೊಟ್ಟ ತೀರ್ಪಿನ ಕುರಿತ ಚಿತ್ರಕ್ಕೇ ಹೀಗಾಯಿತು.

ಸಾರ್ವಜನಿಕ ಹಣ ಬತ್ತಿದಾಗ ಉಳಿಯುವುದು ಸ್ಟ್ರೀಮಿಂಗ್ ಕಂಪನಿಗಳು. ಅವುಗಳಿಂದ ಒಳ್ಳೆಯದಾಗಿಲ್ಲವೆಂದಲ್ಲ. ಗುಲಾಮಗಿರಿಯನ್ನು ರದ್ದುಮಾಡಿದ ಸಂವಿಧಾನ ತಿದ್ದುಪಡಿಯಲ್ಲೇ ಅಪರಾಧಿಗಳಿಗೆ ಇಟ್ಟ ಹೊರತಿನಿಂದ ಹಿಡಿದು ಇಂದಿನ ಜೈಲುಗಳವರೆಗಿನ ಚರಿತ್ರೆಯನ್ನು ಹೇಳುವ ಏವಾ ಡುವರ್ನೆ ಅವರ ‘13ತ್’ (2016) ನೆಟ್‌ಫ್ಲಿಕ್ಸ್ ಇಲ್ಲದಿದ್ದರೆ ಬೆಂಗಳೂರಿನ ಮನೆಯೊಂದರ ತನಕ ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಆದರೆ ಈ ಕಂಪನಿಗಳಿಗೆ ತಮ್ಮದೇ ವ್ಯವಹಾರಗಳಿವೆ, ಸರ್ಕಾರದಿಂದ ಆಗಬೇಕಾದ ಕೆಲಸಗಳಿವೆ. ಒಂದು ಚಿತ್ರವನ್ನು ಅವು ನಿಷೇಧಿಸಬೇಕಾಗಿಲ್ಲ, ಕೊಳ್ಳದಿದ್ದರೆ ಆಯಿತು. ಅದಕ್ಕೆ ಕಾರಣ ಹೇಳಬೇಕಾಗಿಲ್ಲ, ಮೇಲ್ಮನವಿ ಸಲ್ಲಿಸುವ ಜಾಗವೂ ಇಲ್ಲ.

2022ರ ಏಪ್ರಿಲ್ 1ರಂದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿರುವ ಜೆಎಫ್‌ಕೆ8 ಎಂಬ ಅಮೆಜಾನ್ ಗೋದಾಮಿನ ಕಾರ್ಮಿಕರು 2,654 ಮತಗಳಿಂದ ಸಂಘ ಕಟ್ಟಲು ತೀರ್ಮಾನಿಸಿದರು. ವಿರುದ್ಧ ಬಿದ್ದ ಮತಗಳು 2,131. ಅಮೆರಿಕದಲ್ಲಿ ಆ ಕಂಪನಿಯ ಗೋದಾಮೊಂದರಲ್ಲಿ ಸಂಘ ಗೆದ್ದದ್ದು ಅದೇ ಮೊದಲು. ಬ್ರೆಟ್ ಸ್ಟೋರಿ ಮತ್ತು ಸ್ಟೀಫನ್ ಮೇಯಿಂಗ್ ಅವರ ‘ಯೂನಿಯನ್’ ಚಿತ್ರ ಆ ಹೋರಾಟವನ್ನು ಒಳಗಿನಿಂದ ಹಿಂಬಾಲಿಸಿತು. 2024ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆದರೂ ಅದನ್ನು ಕೊಳ್ಳಲು ದೊಡ್ಡ ವಿತರಕರು ಯಾರೂ ಮುಂದೆ ಬರಲಿಲ್ಲ. ಅದಾದ ಮರುವರ್ಷ, 2025ರ ಜನವರಿಯಲ್ಲಿ, ಅಧ್ಯಕ್ಷರ ಪತ್ನಿ ಮೆಲಾನಿಯಾ ಟ್ರಂಪ್ ಕುರಿತ ಸಾಕ್ಷ್ಯಚಿತ್ರದ ಹಕ್ಕುಗಳನ್ನು ಅಮೆಜಾನ್ ಕೊಂಡುಕೊಂಡಿತು. ವರದಿಯಾದ ಬೆಲೆ 4 ಕೋಟಿ ಡಾಲರ್. ಆ ಚಿತ್ರದ ನಿರ್ಮಾಪಕರಲ್ಲಿ ಮೆಲಾನಿಯಾ ಅವರೂ ಒಬ್ಬರು.

‘ಯೂನಿಯನ್’ ತಂಡ ತನ್ನ ಚಿತ್ರವನ್ನು ತಾನೇ ಹೊತ್ತು ಊರೂರಿನ ಚಿತ್ರಮಂದಿರಗಳಿಗೆ ಹೋಯಿತು. ಗೋದಾಮಿನ ಹೊರಗೆ ಬಸ್ ನಿಲ್ದಾಣದ ಬಳಿ ಡೇರೆ ಹಾಕಿಕೊಂಡು, ಪಾಳಿ ಮುಗಿಸಿ ಬರುವವರಿಗೆ ತಿನ್ನಲು ಕೊಟ್ಟು ಮಾತಿಗೆಳೆಯುವ ಸಂಘಟಕರನ್ನು ಆ ಚಿತ್ರದಲ್ಲಿ ಕಾಣುತ್ತೇವೆ. ಅವರೊಳಗಿನ ಮುನಿಸು, ನಾಯಕ ಕ್ರಿಸ್ ಸ್ಮಾಲ್ಸ್ ಎಲ್ಲರನ್ನೂ ಕೇಳದೆ ಮುಂದುವರಿಯುತ್ತಿದ್ದಾರೆ ಎಂಬ ಗೊಣಗು, ಬೇಸತ್ತು ದೂರ ಸರಿದವರ ಮಾತು ಕೂಡ ಅಲ್ಲಿದೆ. ಹಾರ್ಲನ್ ಕೌಂಟಿಯ ಹೆಂಗಸರ ಜಗಳವನ್ನು ಕೋಪಲ್ ಉಳಿಸಿಕೊಂಡಂತೆಯೇ, ಈ ನಿರ್ದೇಶಕರೂ ತಾವು ಪ್ರೀತಿಸಿದವರ ಒಡಕನ್ನು ಕತ್ತರಿಸದೆ ತೆರೆಯ ಮೇಲೆ ಬಿಟ್ಟಿದ್ದಾರೆ.